ಬೇರೆ ಕಟ್ಟಿದ ಕುರಿ

ಅಂಗನವಾಡಿಯಲ್ಲಿ ಮಧ್ಯಾಹ್ನ ಮಕ್ಕಳನ್ನು ಮಲಗಿಸುವುದು ನನ್ನ ಕೆಲಸ. ಆ ವರ್ಷ ಮಕ್ಕಳಿಗಿಂತ ಮೊದಲು ನಾನೇ ಮಲಗುತ್ತಿದ್ದೆ. ಒಂದು ದಿನ ಒಂದು ಕೂಸು ನನ್ನ ಮೂಗು ಹಿಡಿದು ಎಬ್ಬಿಸಿ, "ಟೀಚರ್, ಮನಿಗಿ ಹೋಗೂ ಹೊತ್ತಾತು" ಎಂದಿತು. ಉಳಿದ ಮಕ್ಕಳು ಚಪ್ಪಾಳೆ ತಟ್ಟಿ ನಕ್ಕವು, ನಾನೂ ನಕ್ಕೆ. ಎದ್ದು ನಿಲ್ಲಲು ಮಾತ್ರ ಗೋಡೆ ಹಿಡಿಯಬೇಕಾಯಿತು.

ಹೆಣ್ಣುಮಕ್ಕಳಿಗೆ ದಣಿವು ಹೊಸದೇನಲ್ಲ. ಮನೆಗೆಲಸ, ಅಂಗನವಾಡಿ, ಮತ್ತೆ ಮನೆಗೆಲಸ. ನಮ್ಮದು ಕೊಂಕಲ್‌ನಿಂದ ವಡಗೇರಾ ಕಡೆಗೆ ಹೋಗುವ ದಾರಿಯಲ್ಲಿರುವ ಸಣ್ಣ ಊರು. ಗಂಡ ಮಾಳಪ್ಪ ಕುರಿ ಸಾಕುತ್ತಾನೆ. ಅವನು ನನ್ನ ಸೋದರತ್ತೆಯ ಮಗ, ಹಾಗಾಗಿ ಚಿಕ್ಕಂದಿನಿಂದ ಮಾವ ಎಂದೇ ಕರೆದದ್ದು, ಮದುವೆಯಾದ ಮೇಲೂ ಅದೇ. ಅತ್ತೆಯೂ ಹೊಸಬಳಲ್ಲ, ನನ್ನಪ್ಪನ ಅಕ್ಕ. ಒಬ್ಬಳೇ ಮಗಳು ಯಾದಗಿರಿಯ ಹಾಸ್ಟೆಲಿನಲ್ಲಿದ್ದು ಓದುತ್ತಾಳೆ. ಮನೆಯಲ್ಲಿ ಇರುವುದು ನಾವು ಮೂವರೇ, ಅದರಲ್ಲೂ ಮಾವ ವರ್ಷದಲ್ಲಿ ಅರ್ಧ ಕುರಿಗಳ ಹಿಂದೆ.

ತಿಂಗಳ ಸ್ರಾವ ನಿಲ್ಲದೆ ಹೈರಾಣಾದಾಗ ಶಹಾಪುರದ ಒಂದು ಖಾಸಗಿ ದವಾಖಾನೆಗೆ ಹೋದೆ. ಗರ್ಭಕೋಶದಲ್ಲಿ ಗಡ್ಡೆ ಇದೆ, ಆಪರೇಷನ್ ಮಾಡಿ ತೆಗೆಯುತ್ತೇವೆ ಎಂದರು. ಹೇಳಿದ ದಿನ ಮುಂಜಾನೆಯಿಂದ ನೀರೂ ಕುಡಿಯದೆ, ಬಳೆ ತೆಗೆದು ನರ್ಸಿನ ಕೈಗೆ ಕೊಟ್ಟು, ಹಸಿರು ಅಂಗಿ ತೊಟ್ಟು ಬೆಂಚಿನ ಮೇಲೆ ಕೂತೆ. ನನ್ನ ನಂತರ ಬಂದವರನ್ನೆಲ್ಲ ಒಳಗೆ ಕರೆದರು. ನನ್ನನ್ನು ಕರೆಯಲಿಲ್ಲ. ಹೊತ್ತು ನೆತ್ತಿಗೆ ಬಂದಾಗ ಅದೇ ನರ್ಸು ಬಂದು, ದೂರದಿಂದಲೇ ಕೈ ಚಾಚಿ ನನ್ನ ಬಳೆಗಳನ್ನು ಮಡಿಲಿಗೆ ಹಾಕಿ ಹೋದಳು. ಆಗಲೇ ಏನೋ ಆಗಿದೆ ಎಂದು ಗೊತ್ತಾಯಿತು.

ಡಾಕ್ಟರು ಮಾವನನ್ನು ಬಾಗಿಲ ಬಳಿಯೇ ನಿಲ್ಲಿಸಿಕೊಂಡು ಹೇಳಿದರು. "ರಕ್ತದಾಗ ಹೆಪಟೈಟಿಸ್ ಬಿ ಬಂದದ. ಲಿವರಿಗಿ ಕೂಡೂ ಬೀಮಾರಿ. ಗಂಡ ಇದ್ದೀರಿ, ನಿಮಗೂ ಬರಬಹುದು. ಇಲ್ಲಿ ಆಪರೇಷನ್ ಮಾಡಾಕ ಆಗಲ್ಲ, ಯಾದಗಿರಿಗಿ ತೋರಿಸ್ರಿ." ಇಷ್ಟು ಹೇಳಿ ಒಳಗೆ ಹೋದರು. ಹೇಗೆ ಬರುತ್ತದೆ, ಹೇಗೆ ಬರುವುದಿಲ್ಲ ಎಂದು ಕೇಳಲು ನಮಗೆ ಬಾಯಿ ಬರಲಿಲ್ಲ. ಊರಿಗೆ ಬರುವ ಬಸ್ಸಿನಲ್ಲಿ ನನ್ನ ಪಕ್ಕದ ಸೀಟು ಖಾಲಿ ಇತ್ತು. ಮಾವ ಹೋಗಿ ಹಿಂದಿನ ಸೀಟಿನಲ್ಲಿ ಕೂತ.

ಮನೆಗೆ ಬಂದು ವಿಷಯ ಹೇಳಿದಾಗ ಅತ್ತೆ ಕೈಯಲ್ಲಿದ್ದ ಮೊರವನ್ನು ಕೆಳಗಿಟ್ಟಳು. ಅದರಲ್ಲಿದ್ದ ಜೋಳ ಅರ್ಧ ಹಸನಾಗಿತ್ತು, ಅರ್ಧ ಆಗಿರಲಿಲ್ಲ.

"ಲಿವರ್ ಅಂದ್ರ ಹೊಟ್ಟಿ ಏನ?" ಎಂದಳು.

"ಹೊಟ್ಟಿನೇ."

"ನಿಮ್ಮವ್ವಗೂ ಹೊಟ್ಟಿನೇ ಅಲ್ಲ ಬಂದಿದ್ದು?"

ನಮ್ಮವ್ವ ಹೊಟ್ಟೆಗೆ ನೀರು ತುಂಬಿಕೊಂಡು ಸತ್ತಳು. ಆಗ ನಾನಿನ್ನೂ ಲಂಗ ತೊಡುವ ವಯಸ್ಸಿನವಳು. ಕಣ್ಣು ಅರಿಶಿನದಂತಾಗಿತ್ತು, ಕೈಕಾಲು ಕಡ್ಡಿಯಾಗಿದ್ದವು. ಯಾರೋ ಮಾಟ ಮಾಡಿಸಿದ್ದಾರೆ ಎಂದು ಊರು ಮಾತಾಡಿತು. ಮುಂಗೈಗೆ ಬರೆ ಹಾಕಿಸಿದರು, ಮೂಗಿಗೆ ಸೊಪ್ಪಿನ ರಸ ಬಿಟ್ಟರು. ಕಡೆಯ ತನಕ ಅವಳ ಕಾಲು ಒತ್ತಿದವಳು ಇದೇ ಅತ್ತೆ. ಆ ದಿನ ಅತ್ತೆ ನನ್ನ ಕಣ್ಣಿನ ರೆಪ್ಪೆ ಎಳೆದು ನೋಡಿ, "ಬೆಳ್ಳಗೇ ಅದಾವ ತಗಿ" ಎಂದು ಹೊರಗೆ ಹೋಗಿ ಕೂತಳು. ಮೂಗು ಸೀನುವ ಸದ್ದು ಕೇಳಿಸಿತು.

ಇನ್ನು ಮಾವ ಮಾಡಿದ್ದನ್ನು ಹೇಳಬೇಕು. ಹಿಂಡಿನಲ್ಲಿ ಒಂದು ಕುರಿ ಮೇವು ಬಿಟ್ಟು ತಲೆ ತಗ್ಗಿಸಿ ನಿಂತರೆ ಸಾಕು, ಕುರಿಯವರು ಅದನ್ನು ದಡ್ಡಿಯಿಂದ, ಅಂದರೆ ಕುರಿ ಕೂಡುವ ಬೇಲಿಯಿಂದ, ಹೊರಗೆ ತಂದು ಬೇರೆ ಗೂಟಕ್ಕೆ ಕಟ್ಟುತ್ತಾರೆ. ಅದಕ್ಕೆ ನೀರು ಬೇರೆ, ಸೊಪ್ಪು ಬೇರೆ. ಅದರಲ್ಲಿ ಸಿಟ್ಟೇನಿಲ್ಲ. ಹಾಗೆ ಮಾಡದಿದ್ದರೆ ಹಿಂಡೇ ಹೋಗುತ್ತದೆ. ಮಾವನಿಗೆ ಹುಟ್ಟಿದಾಗಿನಿಂದ ಗೊತ್ತಿರುವ ಮದ್ದು ಅದೊಂದೇ. ಮರುದಿನ ಬೆಳಿಗ್ಗೆ ಅವನು ಒಂದು ಮೊಳೆ ತಗೊಂಡು ನನ್ನ ತಾಟಿನ ಅಂಚಿಗೆ ಎರಡು ಗೀರು ಎಳೆದ. ನನ್ನ ನೀರಿನ ಚರಿಗೆಗೂ ಎಳೆದ. ನಮ್ಮ ಕುರಿಗಳ ಕಿವಿಗೆ ಹಾಕುವ ಗುರುತೂ ಅದೇ. ನಂತರ ನನ್ನ ಕಂಬಳಿಯನ್ನು ಪಡಸಾಲೆಯ ಆಚೆ ಬದಿಗೆ ಹಾಸಿದ.

ಮದುವೆಯಾದಾಗಿನಿಂದ ನಾವು ಒಂದೇ ತಾಟಿನಲ್ಲಿ ಉಂಡವರು. ಅವನು ಊರಲ್ಲಿರುವುದೇ ಅರ್ಧ ವರ್ಷ, ಇದ್ದಷ್ಟು ದಿನ ಹಾಗೆ ಉಣ್ಣುವುದು ನಮ್ಮ ರೂಢಿ. ಬಿಸಿ ರೊಟ್ಟಿಯನ್ನು ಅವನು ಮುರಿಯಬೇಕು, ಪಲ್ಯ ನಾನು ಹಚ್ಚಬೇಕು. ಈಗ ಅವನು ಗೋಡೆಗೆ ಮುಖ ಮಾಡಿ ಗಬಗಬ ಉಂಡು ಎದ್ದುಬಿಡುತ್ತಿದ್ದ. ನನಗೆ ಜಗಳವಾಡುವ ತ್ರಾಣವೂ ಇರಲಿಲ್ಲ. ಗೀರಿನ ತಾಟು ಮುಂದಿಟ್ಟುಕೊಂಡು ಒಬ್ಬಳೇ ರೊಟ್ಟಿ ಮುರಿಯುತ್ತಿದ್ದೆ, ಅರ್ಧ ಹಾಗೇ ಉಳಿಯುತ್ತಿತ್ತು. ಒಂದು ದಿನ ಅತ್ತೆ ಬಂದು ಆ ಉಳಿದರ್ಧವನ್ನು ಎತ್ತಿಕೊಂಡು ತಿಂದಳು. ಬೇಡ ಎಂದರೆ, "ಸುಮ್ಕಿರು. ನಿಮ್ಮವ್ವನ ತಾಟಿನಾಗೂ ಉಂಡೀನಿ. ನನಗೇನಾಗ್ಯಾದ, ಕಲ್ಲಿನಂಗ ಅದೀನಿ" ಎಂದಳು. ಆ ತಿಂಗಳುಗಳಲ್ಲಿ ನನಗೆ ಸಿಕ್ಕ ಸಮಾಧಾನ ಎಂದರೆ ಅದು.

ಸುಗ್ಗಿ ಮುಗಿದಿತ್ತು. ಕಾಲುವೆ ನೀರಿನ ಕಡೆ ಭತ್ತ ಕೊಯ್ದ ಹೊಲಗಳಲ್ಲಿ ಕುರಿ ಮೇಯಿಸಲು ಮಾವ ಸುರಪುರದ ಕಡೆಗೆ ಹೊರಟ. ಹೊರಡುವಾಗ ಅಂಗಳದಲ್ಲಿ ನಿಂತು, "ದವಾಖಾನಿಗಿ ಹೋಗು ಮತ್ತ" ಎಂದ. ಅಷ್ಟೇ.

ಯಾದಗಿರಿಯ ದೊಡ್ಡ ದವಾಖಾನೆಗೆ ಒಬ್ಬಳೇ ಹೋದೆ. ಚೀಟಿಗೆ ಒಂದು ಸಾಲು, ರಕ್ತಕ್ಕೆ ಒಂದು, ಡಾಕ್ಟರಿಗೆ ಇನ್ನೊಂದು. ಬೆಂಚಿನ ಮೇಲೆ ಪಕ್ಕದಲ್ಲಿ ಕೂತ ಹೆಂಗಸು ತನ್ನ ಮೊಮ್ಮಗನ ಜ್ವರದ ಕತೆಯೆಲ್ಲ ಹೇಳಿ, "ನಿಮಗೇನ್ರಿ?" ಎಂದಳು. "ದಣಿವರಿ" ಎಂದೆ. "ಅಯ್ಯ, ಅದು ಯಾರಿಗಿಲ್ಲ?" ಎಂದು ಚೀಲದಿಂದ ಹಿಡಿ ಶೇಂಗಾ ತೆಗೆದು ಕೊಟ್ಟಳು. ಬಳೆಗಳನ್ನು ದೂರದಿಂದ ಎಸೆದವಳ ನೆನಪಿದ್ದ ನನಗೆ, ಕೈಗೆ ಕೈ ತಾಗಿಸಿ ಕೊಟ್ಟ ಆ ಶೇಂಗಾ ತಿಂದುಬಿಡಲು ಮನಸ್ಸಾಗಲಿಲ್ಲ. ಬರುವಾಗ ಸೆರಗಿನಲ್ಲಿ ಕಟ್ಟಿಕೊಂಡು ಬಂದೆ.

ಅಲ್ಲಿನ ಡಾಕ್ಟರಮ್ಮ ವಯಸ್ಸಾದವರು, ಗಡಸು ದನಿ. ಬಹುಶಃ ಹುಟ್ಟುವಾಗಲೇ ಅವ್ವನಿಂದ ಬಂದಿರಬೇಕು ಎಂದರು. ಅವ್ವ ನನಗೆ ಬಿಟ್ಟುಹೋದದ್ದು ಒಂದು ಮೂಗುತಿ ಮಾತ್ರ ಎಂದುಕೊಂಡಿದ್ದೆ. ಇದೂ ಇತ್ತು ಅನ್ನಿ. ಮಗಳ ರಕ್ತವನ್ನೂ ನೋಡಿಸಿದರು. ಅವಳಿಗೆ ಹುಟ್ಟಿದ ದಿನದಿಂದ ಎಲ್ಲ ಲಸಿಕೆ ಆಗಿದ್ದವು, ಏನೂ ಇರಲಿಲ್ಲ. ಆ ಮಾತು ಕೇಳುವ ತನಕ ನಾನು ಉಸಿರು ಬಿಟ್ಟದ್ದೇ ಸುಳ್ಳು. ಗಡ್ಡೆಯ ಆಪರೇಷನ್ನೂ ಮುಂದೆ ಅಲ್ಲಿಯೇ ಆಯಿತು. ಯಾರೂ ಬಳೆ ಎಸೆಯಲಿಲ್ಲ.

"ನಿಮ್ಮ ಮನಿಯವರು ಎಲ್ಲಿ?" ಎಂದು ಕೇಳಿದರು ಡಾಕ್ಟರಮ್ಮ.

"ಕುರಿ ಹಿಂದ ಹೋಗ್ಯಾರ್ರಿ."

"ನಿಮಗ ಗುಳಿಗಿ ಕೊಡ್ತೀನಿ. ಆದ್ರ ಈಗ ನನಗ ನಿಮ್ಮ ಫಿಕರ್ ಕಡಿಮಿ, ಅವರದು ಹೆಚ್ಚದ. ಮೊದಲ ಅವರ ರಕ್ತ ನೋಡಬೇಕು. ಬಂದಿಲ್ಲ ಅಂದ್ರ ಲಸಿಕಿ ಹಾಕಬೇಕು. ಹಿಡಕೊಂಡು ಬರ್ರಿ."

ಬೇರೆ ತಾಟು, ಬೇರೆ ಕಂಬಳಿಯ ಸಂಗತಿ ಹೇಳಿದೆ. ಅಳಬಾರದು ಎಂದುಕೊಂಡೇ ಹೇಳಿದ್ದು, ಆದರೂ ಅಳು ಬಂದೇಬಿಟ್ಟಿತು. ಅವರು ಪೆನ್ನು ಕೆಳಗಿಟ್ಟು, "ದಾಡಿ ಮಾಡೂ ಬ್ಲೇಡು?" ಎಂದು ಕೇಳಿದರು.

ಬ್ಲೇಡು ಕಿಟಕಿಯ ಕಟ್ಟೆಯ ಮೇಲೆ ಇದ್ದಲ್ಲೇ ಇತ್ತು. ಅವನು ಅದರಿಂದ ಗಡ್ಡ ಕೆರೆದುಕೊಳ್ಳುತ್ತಿದ್ದ, ನಾನು ಅದರಿಂದಲೇ ಉಗುರು ತೆಗೆದುಕೊಳ್ಳುತ್ತಿದ್ದೆ, ಎಷ್ಟೋ ಸಲ ಬೆರಳು ಕೊಯ್ದುಕೊಂಡಿದ್ದೆ. ತಾಟು ಬೇರೆ ಮಾಡಿ ಬ್ಲೇಡು ಒಂದೇ ಇಟ್ಟಿದ್ದೆವು. ಡಾಕ್ಟರಮ್ಮ ತಲೆ ಚಚ್ಚಿಕೊಂಡರು.

ಮಾವನಿಗೆ ಫೋನು ಮಾಡಿದರೆ, "ನಾ ಬಂದ್ರ ಕುರಿ ಯಾರು ನೋಡ್ತಾರ? ನನಗೇನಾಗ್ಯಾದ?" ಎಂದು ಇಟ್ಟುಬಿಟ್ಟ. ಅದಕ್ಕೆ ನಾನೇ ಹೊರಟೆ. ಶಹಾಪುರಕ್ಕೆ ಒಂದು ಬಸ್ಸು, ಅಲ್ಲಿಂದ ಸುರಪುರಕ್ಕೆ ಇನ್ನೊಂದು, ಆಮೇಲೆ ಕಾಲುವೆಯ ದಂಡೆ ಹಿಡಿದು ನಡಿಗೆ. ಬಿಸಿಲು ಚುರುಗುಟ್ಟುತ್ತಿತ್ತು. ನಾಲ್ಕು ಹೆಜ್ಜೆಗೊಮ್ಮೆ ಕೂತು, ಎದ್ದು, ಮತ್ತೆ ಕೂತು ಹೋದೆ. ಈ ಮನುಷ್ಯನಿಗೆ ಬಂದರೆ ಬರಲಿ ಬಿಡು ಎಂದು ಒಂದು ಸಲ ಅನ್ನಿಸಿತು. ಅವ್ವನ ಹೊಟ್ಟೆ ಕಣ್ಣ ಮುಂದೆ ಬಂತು. ಎದ್ದು ನಡೆದೆ.

ಕೊಯ್ದ ಭತ್ತದ ಹೊಲದಲ್ಲಿ ಹಿಂಡು ಮೇಯುತ್ತಿತ್ತು. ಮಾವ ದೂರದಿಂದಲೇ ನನ್ನನ್ನು ಗುರುತಿಸಿದ. ಅವನ ಹೆಗಲ ಮೇಲೆ ಒಂದು ಕುರಿ ಇತ್ತು, ಜ್ವರ ಬಂದು ಕಾಲು ಎಳೆಯುತ್ತಿದ್ದ ಕುರಿ. ಅದರ ಜೊಲ್ಲು ಅವನ ಕೊರಳ ಮೇಲೆ ಇಳಿಯುತ್ತಿತ್ತು. ಅವನು ಅದನ್ನು ಗಿಡದ ನೆರಳಿಗೆ ಇಳಿಸಿ, ಬಾಯಿ ಒರೆಸಿ, ಬೇರೆ ಗೂಟಕ್ಕೆ ಕಟ್ಟಿದ. ಆಮೇಲೆ ನನಗೆ ದೂರದಲ್ಲಿ ಬೇರೆ ಕಂಬಳಿ ಹಾಸಿ, "ಕೂಡು" ಎಂದ.

ನಾನು ಕೂಡಲಿಲ್ಲ. ಬಸ್ಸಿನಲ್ಲಿ ಬರುವಾಗ ಜೋಡಿಸಿಕೊಂಡಿದ್ದ ಮಾತೆಲ್ಲ ಮರೆತುಹೋಯಿತು.

"ಬ್ಯಾನಿ ಬಂದ ಕುರಿನ ಹೆಗಲ ಮ್ಯಾಲ ಹೊತ್ತಿ ಮಾವ. ನನ್ನ ಕೈಯ್ಯಾಗ ಒಂದು ಚರಿಗಿ ನೀರರೆ ಕೊಟ್ಟಿ ಏನ?"

ಅವನು ಬಗ್ಗಿ ಕುರಿಯ ಹಗ್ಗದ ಗಂಟನ್ನು ಬಿಗಿ ಮಾಡಿದ.

"ಬ್ಯಾರೆ ಕಟ್ಟು, ಬ್ಯಾಡ ಅನ್ನಲ್ಲ. ಆದ್ರ ಕುರಿಗಿ ಮಾಡಿದಷ್ಟರೆ ಮಾಡು ನನಗ."

"ಅಂಜಿಕಿ ಬಂತ ರೇಣಿ" ಎಂದ ಮಾವ. ಕುರಿಯ ಹಗ್ಗವನ್ನೇ ನೋಡುತ್ತಿದ್ದ. "ನಿಮ್ಮವ್ವನ ನೋಡೀನಿ ನಾ. ನೀನೂ ಹಂಗ ಆಗ್ತಿ ಅಂತ ಅಂಜಿಕಿ. ನನಗೂ ಬಂದ್ರ ನಿನ್ನ ಯಾರು ನೋಡಬೇಕು?"

ಹದಿನೈದಿಪ್ಪತ್ತು ವರ್ಷ ಸಂಸಾರ ಮಾಡಿದ ಮೇಲೆ, ಅವನಿಗೆ ಅಂಜಿಕೆ ಆಗುತ್ತದೆ ಎಂದು ಅವನ ಬಾಯಿಂದ ಕೇಳಿದ್ದು ಅದೇ ಮೊದಲು. ನಾನು ಆ ಬೇರೆ ಕಂಬಳಿಯ ಮೇಲೆ ಕೂತೆ. ಅವನು ತನ್ನ ಚರಿಗೆಯಲ್ಲೇ ನೀರು ತಂದು ಕೊಟ್ಟ. ಕೊಡುವ ಅವಸರದಲ್ಲಿ ಅರ್ಧ ನೀರು ನನ್ನ ಸೀರೆಯ ಮೇಲೆ ಬಿತ್ತು.

ಪಕ್ಕದ ಹಿಂಡಿನವರಿಗೆ ಕುರಿ ಒಪ್ಪಿಸಿ ಅವನು ಯಾದಗಿರಿಗೆ ಬಂದ. ರಕ್ತ ಕೊಟ್ಟು ನಾವಿಬ್ಬರೂ ಬೆಂಚಿನ ಮೇಲೆ ಕಾದೆವು. ಈ ಸಲ ಅವನು ನನ್ನ ಪಕ್ಕದಲ್ಲೇ ಕೂತಿದ್ದ, ನಡುವೆ ಒಂದು ಗೇಣು ಜಾಗ ಬಿಟ್ಟು. ತಲೆಯ ರುಮಾಲು ಬಿಚ್ಚುವುದು, ಸುತ್ತುವುದು, ಮತ್ತೆ ಬಿಚ್ಚುವುದು.

"ನನಗ ಬಂದಿದ್ರ?" ಎಂದ.

"ಬಂದಿದ್ರ ಇಬ್ಬರೂ ಕೂಡಿ ಗುಳಿಗಿ ನುಂಗೂದು. ಮತ್ತೇನ್ ಮಾಡೂದು?"

ಅವನು ಬಿಚ್ಚಿದ ರುಮಾಲನ್ನು ತೊಡೆಯ ಮೇಲಿಟ್ಟುಕೊಂಡು, "ಬಂದಿದ್ರ ಚೊಲೋನೇ ಆತು ಬಿಡು" ಎಂದ. "ಬ್ಯಾರೆ ಉಣ್ಣೂದು ತಪ್ತದ."

"ನಿನ್ನ ಬಾಯಾಗ ಮಣ್ಣ ಹಾಕ" ಎಂದು ನಾನು ಜೋರಾಗಿಯೇ ಬೈದೆ. ಸಾಲಿನಲ್ಲಿದ್ದವರೆಲ್ಲ ತಿರುಗಿ ನೋಡಿದರು. ಬೈಯುತ್ತಲೇ ನನಗೆ ಅಳು ಬಂತು. ಇಷ್ಟು ತಿಂಗಳು ಗೋಡೆಗೆ ಮುಖ ಮಾಡಿ ಉಂಡವನು ಒಳಗೆ ಇದನ್ನು ಇಟ್ಟುಕೊಂಡಿದ್ದನೇ ಎಂದು ಅಳು ಬಂತು.

ಡಾಕ್ಟರಮ್ಮ ಒಳಗೆ ಕರೆದು ಅವನನ್ನು ಕೂಡಿಸಿ, "ಕುರಿ ಎಷ್ಟ ಅದಾವಪ್ಪ?" ಎಂದು ಕೇಳಿದರು. ಕುರಿಯವರು ಎಣಿಕೆ ಹೇಳುವುದಿಲ್ಲ. "ಅದಾವ್ರಿ ಒಂದೀಟು" ಎಂದ ಮಾವ.

"ಅವಕ್ಕ ಜಡ್ಡು ಬಂದ್ರ ಏನ್ ಮಾಡ್ತೀರಿ?"

"ಬಂದದ್ದು ಬ್ಯಾರೆ ಕಟ್ತೀವ್ರಿ. ಡಾಕ್ಟರ್ ಬಂದು ಸೂಜಿ ಮಾಡ್ತಾರ್ರಿ."

"ಲಸಿಕಿ ಸೂಜಿ ಯಾವ ಕುರಿಗಿ ಮಾಡ್ತಾರ? ಜಡ್ಡು ಬಂದದ್ದಕ್ಕೋ, ಬರಲಾರದ್ದಕ್ಕೋ?"

"ಬರಲಾರದ್ದಕ್ಕರಿ" ಎಂದ ಮಾವ. ನನ್ನನ್ನು ನೋಡಿದ. ತನ್ನ ರಟ್ಟೆಯನ್ನು ನೋಡಿಕೊಂಡ.

"ನಿಮ್ಮ ರಕ್ತದಾಗ ಏನೂ ಇಲ್ಲ. ಇಷ್ಟು ವರ್ಷ ಬಚಾವ್ ಆಗಿದ್ದು ನಿಮ್ಮ ನಸೀಬ. ಇನ್ನ ಮುಂದ ನಸೀಬದ ಮ್ಯಾಲ ಬಿಡಾದು ಬ್ಯಾಡ. ಈ ಬೀಮಾರಿ ತಾಟಿನಿಂದ ಬರಲ್ಲ, ನೀರಿನಿಂದ ಬರಲ್ಲ, ಬಾಜೂಕ ಕೂತ್ರ ಬರಲ್ಲ. ರಕ್ತದಿಂದ ಬರ್ತದ. ಗಂಡ ಹೆಂಡತಿ ಕೂಡೂದ್ರಿಂದ ಬರ್ತದ. ಮೂರು ಸೂಜಿ ಆಗಿ ನಾ ಮತ್ತ ರಕ್ತ ನೋಡಿ ಹೇಳೂ ತನಕ ನಿರೋಧ್ ಇಲ್ದ ಕೂಡಬ್ಯಾಡ್ರಿ. ಬ್ಲೇಡು ಇಬ್ಬರದೂ ಬ್ಯಾರೆ ಬ್ಯಾರೆ ಇರಲಿ, ಯಾವತ್ತಿಗೂ. ತಿಳೀತ?"

ಹೆಂಗಸೊಬ್ಬಳು ಇಂಥ ಮಾತನ್ನು ಬಾಗಿಲು ತೆರೆದಿಟ್ಟೇ ಹೇಳಿದಳೆಂದು ಮಾವ ಮೇಲೆ ತಿರುಗುತ್ತಿದ್ದ ಫ್ಯಾನು ನೋಡುತ್ತ ಕೂತ. ನನಗೂ ಎಲ್ಲಿಯಾದರೂ ಅಡಗಬೇಕು ಎನ್ನಿಸಿತು. ಆದರೆ ಶಹಾಪುರದಲ್ಲಿ ಆ ದಿನ ಬಾಗಿಲ ಬಳಿ ನಿಂತು ಯಾರಾದರೂ ಇಷ್ಟು ಹೇಳಿದ್ದರೆ ನಾನು ಅಷ್ಟು ದಿನ ಒಬ್ಬಳೇ ಉಣ್ಣುವುದು ತಪ್ಪುತ್ತಿತ್ತು. ಮೊದಲ ಸೂಜಿ ಅಲ್ಲಿಯೇ ಆಯಿತು. ನಾಯಿ, ತೋಳಕ್ಕೆ ಅಂಜದ ಮನುಷ್ಯ ಸೂಜಿ ಕಂಡು ಕಣ್ಣು ಮುಚ್ಚಿಕೊಂಡ.

ಅಲ್ಲಿಗೆ ಎಲ್ಲ ಸರಿಹೋಯಿತು ಎಂದು ಬರೆಯಬಹುದಿತ್ತು. ಹಾಗಾಗಲಿಲ್ಲ. ಡಾಕ್ಟರಮ್ಮನ ಮಾತನ್ನು ಅವನ ತಲೆ ಒಪ್ಪಿತು, ಕೈ ಒಪ್ಪಲಿಲ್ಲ. ಆ ದಿನವೂ ಗೀರಿನ ತಾಟು ಬೇರೆಯೇ ಬಂತು. ಕೇಳಿದರೆ, "ಮೂರೂ ಆಗಲಿ. ಸೂಜಿ ಮಾಡಿಸಿದ ದಿನಾನೇ ಯಾವ ಕುರಿಗೂ ದಡ್ಡಿ ಬಾಗಲಾ ತಗಿಯಲ್ಲ" ಎಂದ. ವಾದ ಮಾಡಿ ಮಾಡಿ ಸಾಕಾಯಿತು. ಒಂದೇ ಬದಲಾವಣೆ ಎಂದರೆ ಅವನು ಈಗ ಗೋಡೆಗೆ ಮುಖ ಮಾಡದೆ ನನ್ನ ಎದುರಿಗೆ ಕೂತು ಉಣ್ಣುತ್ತಿದ್ದ. ಮರುದಿನ ಮತ್ತೆ ಕುರಿಯ ಕಡೆ ಹೋದ.

ಎರಡನೆಯ ಸೂಜಿಗೆ ಸುರಪುರದ ದವಾಖಾನೆಗೆ ಅವನೇ ಹೋಗಬೇಕಿತ್ತು. ಮರೆತುಬಿಟ್ಟರೆ ಎಂದು ನನಗೆ ಅದೇ ಚಿಂತೆ. ಅಂಗನವಾಡಿಗೆ ಕೂಸುಗಳನ್ನು ತರುವ ತಾಯಂದಿರನ್ನು ಲಸಿಕೆಯ ದಿನ ತಪ್ಪಿಸಬೇಡಿ ಎಂದು ಗದರಿಸುವವಳು ನಾನು. ಈಗ ಗಡ್ಡ ಬಂದ ಕೂಸಿಗೆ ದಿನಾ ಫೋನು ಮಾಡುತ್ತಿದ್ದೆ. ಒಂದು ದಿನ ಅವನೇ ಮಾಡಿದ. "ಆತು. ಇಲ್ಲಿ ನರ್ಸಮ್ಮನ ಕೈ ಹಗೂರದ" ಎಂದ. ಅತ್ತೆ ಪಕ್ಕದಲ್ಲಿ ನಿಂತು, "ಏನಂತ, ಏನಂತ?" ಎಂದು ನನ್ನ ಭುಜ ಅಲ್ಲಾಡಿಸುತ್ತಿದ್ದಳು.

ಮಳೆಗಾಲಕ್ಕೆ ಹಿಂಡು ಊರಿಗೆ ಮರಳಿತು. ಮೂರನೆಯ ಸೂಜಿಯೂ ಆಯಿತು. ಆದರೂ ಡಾಕ್ಟರಮ್ಮ ಇನ್ನೊಂದು ರಕ್ತ ಪರೀಕ್ಷೆ ಹೇಳಿದ್ದರು. ಕೆಲವರಿಗೆ ಮೂರು ಸೂಜಿಯಾದರೂ ಲಸಿಕೆ ಮೈ ಹಿಡಿಯುವುದಿಲ್ಲವಂತೆ, ರೋಗ ತಡೆಯುವ ಶಕ್ತಿ ಬರುವುದಿಲ್ಲವಂತೆ. ಆ ಮಾತು ನನ್ನ ಎದೆಯಲ್ಲಿ ಮುಳ್ಳಿನಂತೆ ಕೂತಿತು.

ನಾನು ಇದನ್ನು ಬರೆಯುತ್ತಿರುವುದು ಗುಣವಾದ ಮೇಲಲ್ಲ. ದಿನಾ ಒಂದು ಗುಳಿಗೆ ನುಂಗುತ್ತೇನೆ. ಆರು ತಿಂಗಳಿಗೊಮ್ಮೆ ಯಾದಗಿರಿಯ ಅದೇ ಬೆಂಚು. ದಣಿವು ಕಡಿಮೆಯಾಗಿದೆ, ಹೋಗಿಲ್ಲ. ಊರಲ್ಲಿ ಒಂದಿಬ್ಬರು ಇನ್ನೂ ನಮ್ಮ ಮನೆಯ ನೀರು ಕುಡಿಯುವುದಿಲ್ಲ, ಅವರಿಗೆ ತಿಳಿಸಿ ಹೇಳುವಷ್ಟು ಶಕ್ತಿ ನನ್ನಲ್ಲಿ ಉಳಿದಿಲ್ಲ. ಆದರೆ ಎಲ್ಲೋ ಒಬ್ಬಳು ಮಡಿಲಲ್ಲಿ ಬಳೆ ಹಾಕಿಕೊಂಡು ಬೆಂಚಿನ ಮೇಲೆ ಕೂತಿರುತ್ತಾಳೆ. ಅವಳಿಗೆ ಒಂದು ಮಾತು: ತಂಗಿ, ನಿನ್ನ ತಾಟು ಬೇರೆ ಮಾಡುವವರಿಗೆ ಸಿಟ್ಟು ಮಾಡುವ ಮೊದಲು ಅವರನ್ನು ಹಿಡಿದು ದವಾಖಾನೆಗೆ ಒಯ್ಯಿ. ಆಮೇಲೆ ಬೇಕಾದರೆ ಬೈ.

ಆ ಕೊನೆಯ ಪರೀಕ್ಷೆಯ ಫಲಿತಾಂಶಕ್ಕೆ ಮಾವ ಒಬ್ಬನೇ ಹೋಗಿದ್ದ. ನನಗೆ ಅಂಗನವಾಡಿ ಬಿಡಲಾಗಲಿಲ್ಲ. ಫೋನು ಮಾಡಿದರೆ ಎತ್ತಲಿಲ್ಲ. ಸಂಜೆ ಬಸ್ಸು ಬಂದ ಸದ್ದಾಯಿತು. ಆದರೂ ಅವನು ಬರಲಿಲ್ಲ. ಅತ್ತೆಯೂ ನಾನೂ ಬಾಗಿಲಲ್ಲೇ ನಿಂತೆವು. ಆಮೇಲೆ ದಡ್ಡಿಯ ಕಡೆಯಿಂದ ನಡೆದು ಬಂದ. ಬಿಳಿ ಅಂಗಿಯ ಎಡ ಹೆಗಲಿನಿಂದ ರಟ್ಟೆಯ ತನಕ ಕೆಂಪಗೆ ಒದ್ದೆ. ಈ ಬೇನೆ ಬಂದಾಗಿನಿಂದ ಕೆಂಪು ಕಂಡರೆ ನನಗೆ ರಕ್ತವೇ ಕಾಣುವುದು.

"ಮಾವ, ಏನಾತು? ಎಲ್ಲಿ ಬಿದ್ದಿ?"

"ಎಲ್ಲಿ ಬೀಳಲಿ" ಎಂದು ಅವನು ಹೆಗಲು ತೋರಿಸಿದ. ರಕ್ತವಲ್ಲ, ಬಣ್ಣ. ಲಸಿಕೆ ಹಾಕುವ ದಿನ, ಆದ ಕುರಿ ಯಾವುದು, ಆಗದ ಕುರಿ ಯಾವುದು ಎಂದು ಗೊತ್ತಾಗಲು ಬೆನ್ನಿಗೆ ಬಳಿಯುತ್ತಾರಲ್ಲ, ಆ ಕೆಂಪು ಬಣ್ಣ. ದಡ್ಡಿಯಲ್ಲಿ ಡಬ್ಬಿ ಹುಡುಕಿ ಬಳಿದುಕೊಂಡು ಬಂದಿದ್ದ.

"ಮೈ ಹಿಡದದ ಅಂತ. ಚೊಲೋ ಹಿಡದದ ಅಂದ್ರು ಡಾಕ್ಟರಮ್ಮ. ಗುರುತು ಮಾಡಲಿಲ್ಲಂದ್ರ ನೀ ಮತ್ತ ಒಯ್ದು ಸೂಜಿ ಮಾಡಸ್ತಿ."

"ಹುಚ್ಚ ಖೋಡಿ, ಬೆಳ್ಳನ ಅಂಗಿ ಕೆಡಿಸಿಕೊಂಡ್ಯಲ್ಲೋ!" ಎಂದು ಅತ್ತೆ ಕೂಗಿದಳು. ಕೂಗುತ್ತಲೇ ಸೆರಗಿನಿಂದ ಕಣ್ಣು ಒರೆಸಿಕೊಂಡು ಒಲೆಯ ಮುಂದೆ ಹೋಗಿ ಕೂತಳು.

ನನಗೆ ನಗಲೂ ಆಗಲಿಲ್ಲ. ಹೊಸ್ತಿಲ ಮೇಲೇ ಕೂತುಬಿಟ್ಟೆ. ಮಾವ ನನ್ನನ್ನು ದಾಟಿ ಒಳಗೆ ಹೋಗಿ ಕಟ್ಟೆಯ ಮೇಲಿಂದ ಒಂದು ತಾಟು ತಂದ. ಎರಡು ಗೀರಿನದು. ಅತ್ತೆ ಅದಕ್ಕೆ ಬಿಸಿ ರೊಟ್ಟಿ ಹಾಕಿದಳು. ಅವನು ನನ್ನ ಪಕ್ಕದಲ್ಲಿ, ಆ ಒಂದು ಗೇಣೂ ಬಿಡದೆ, ಹೊಸ್ತಿಲ ಮೇಲೆ ಕೂತು ರೊಟ್ಟಿ ಮುರಿದ.

"ಪಲ್ಯ ಹಚ್ಚು" ಎಂದ. "ಹೊಟ್ಟಿ ಹಸದದ."

ಹಚ್ಚಿದೆ. ಇಬ್ಬರೂ ಉಂಡೆವು. ಅವನ ಹೆಗಲಿನ ಹಸಿ ಬಣ್ಣ ನನ್ನ ಸೀರೆಗೂ ಹತ್ತಿತು. ಆ ಕಲೆ ಇನ್ನೂ ಇದೆ. ಉಳಿದ ಬಟ್ಟೆಯನ್ನೆಲ್ಲ ಕಲ್ಲಿಗೆ ಬಡಿದು ಒಗೆಯುವ ನಾನು ಆ ಸೀರೆಯನ್ನು ಸುಮ್ಮನೆ ನೀರಿನಲ್ಲಿ ಅದ್ದಿ ತೆಗೆಯುತ್ತೇನೆ.